‘ರೇಡಿಯೋ ರಿಮೋಟ್’ ಅಂದರೆ ಯಾವುದು?

ಒಂದು ಪದದ ಹತ್ತಿರ ಸಿಕ್ಕಿಹಾಕಿಕೊಂಡಿದ್ದೇನೆ, ಸ್ವಲ್ಪ ಬಿಡಿಸಿ.

ಟಿವಿಗೆ ಸಿಕ್ಕಿಸುವ ಸಾಧನವೊಂದರ ಕೈಪಿಡಿಯನ್ನು ಕನ್ನಡಕ್ಕೆ ತರುತ್ತಿದ್ದೇನೆ. ಅದರ ರಿಮೋಟ್ ರೇಡಿಯೋ ಅಲೆಗಳಿಂದ ಕೆಲಸ ಮಾಡುವಂಥದ್ದು. ಮೂಲದಲ್ಲಿ ‘ಆರ್‌ಎಫ್ ರಿಮೋಟ್’ ಅಂತ ಇದೆ, ಅಂದರೆ ರೇಡಿಯೋ ಫ್ರೀಕ್ವೆನ್ಸಿ ರಿಮೋಟ್. ಜಾಸ್ತಿ ಯೋಚಿಸದೆ ‘ರೇಡಿಯೋ ರಿಮೋಟ್’ ಅಂತ ಬರೆದೆ. ಕರಡು ಓದಿದ ಗೆಳೆಯರು ಕೇಳಿದ ಮೊದಲ ಪ್ರಶ್ನೆ: “ಇದರ ಜೊತೆ ರೇಡಿಯೋನೂ ಕೊಡ್ತಾರಾ?”

ಅವರು ಕೇಳಿದ್ದು ಸರಿಯೇ. ಟಿವಿ ರಿಮೋಟ್, ಎಸಿ ರಿಮೋಟ್, ಫ್ಯಾನ್ ರಿಮೋಟ್ ಅಂತೇವೆ. ನಮ್ಮ ಮಾತಿನಲ್ಲಿ ರಿಮೋಟ್‌ಗಿಂತ ಮೊದಲು ಬರುವ ಪದ ಅದು ಯಾವುದರ ರಿಮೋಟ್ ಅಂತ ಹೇಳುತ್ತದೆ. ಯಾವುದರಿಂದ ನಡೆಯುತ್ತದೆ ಅಂತ ಹೇಳುವುದಿಲ್ಲ. ಹಾಗಾಗಿ ‘ರೇಡಿಯೋ ರಿಮೋಟ್’ ಅಂದ ಕೂಡಲೇ ರೇಡಿಯೋದ ರಿಮೋಟ್ ಅಂತಲೇ ಕಿವಿಗೆ ಬೀಳುತ್ತದೆ. ತಮಾಷೆ ಅಂದರೆ, ಎರಡೂ ಅರ್ಥಕ್ಕೆ ಸಲ್ಲುವ ರಿಮೋಟ್ ಒಂದು ಕಾಲದಲ್ಲಿ ನಿಜವಾಗಿಯೂ ಇತ್ತು. ಫಿಲ್ಕೋ ಕಂಪನಿಯ 1939ರ ರೇಡಿಯೋಗಳ ಜೊತೆ ಬಂದ ‘ಮಿಸ್ಟರಿ ಕಂಟ್ರೋಲ್’. ತಂತಿ ಇಲ್ಲದ, ಬ್ಯಾಟರಿ ಹಾಕಿದ ಒಂದು ಪೆಟ್ಟಿಗೆ. ಮೇಲೆ ಹಳೇ ಫೋನಿನಂಥ ಡಯಲ್. ಅದನ್ನು ತಿರುಗಿಸಿದರೆ ರೇಡಿಯೋ ಸಂಕೇತ ಹೋಗಿ ರೇಡಿಯೋದ ಸ್ಟೇಷನ್ ಬದಲಾಗುತ್ತಿತ್ತು. ಈಗ ಆ ಅದೃಷ್ಟ ನನಗಿಲ್ಲ.

‘ಆರ್‌ಎಫ್’ನಲ್ಲಿರುವ ಫ್ರೀಕ್ವೆನ್ಸಿಯನ್ನು (ಅಲೆ ಸೆಕೆಂಡಿಗೆ ಎಷ್ಟು ಸಲ ಏರಿಳಿಯುತ್ತದೆ ಅನ್ನುವ ಲೆಕ್ಕ) ಬಿಡಬಾರದು ಅಂತ ಆಮೇಲೆ ಅದಕ್ಕೂ ಕನ್ನಡ ಹುಡುಕಿದೆ. ಶಾಲೆಯ ಪುಸ್ತಕದಲ್ಲಿ ಓದಿದ್ದು ‘ಆವೃತ್ತಿ’. ಭೌತಶಾಸ್ತ್ರದ ಪಾಠದಲ್ಲಿ ಅದು ಚೆನ್ನಾಗಿಯೇ ಇದೆ. ಆದರೆ ಈ ಕೈಪಿಡಿಯಲ್ಲಿ ತಂತ್ರಾಂಶಕ್ಕೂ ಆವೃತ್ತಿ (ವರ್ಷನ್) ಇದೆ. ರಿಮೋಟಿನ ಫ್ರೀಕ್ವೆನ್ಸಿಯೋ 2.4 ಗಿಗಾಹರ್ಟ್ಸ್. ‘ರಿಮೋಟ್ ಆವೃತ್ತಿ 2.4’ ಅಂತ ಓದಿದವರು ಹೊಸದು 2.5 ಯಾವಾಗ ಬರುತ್ತೆ ಅಂತ ಕಾಯುತ್ತಾರೆ! ‘ಕಂಪನಾಂಕ’ ಅಂದರೆ ಏನೋ ನಡುಗುತ್ತಿದೆ ಅನ್ನಿಸುತ್ತದೆ. ‘ಆವರ್ತನ’ ಪರವಾಗಿಲ್ಲ, ಈಗ ಅದನ್ನೇ ಇಟ್ಟುಕೊಂಡಿದ್ದೇನೆ.

ಇಲ್ಲಿ ‘ತರಂಗಾಂತರ’ದ ಬಗ್ಗೆ ಎರಡು ಮಾತು ಹೇಳಲೇಬೇಕು. ಪತ್ರಿಕೆಗಳು ಮೊಬೈಲ್ ಸ್ಪೆಕ್ಟ್ರಮ್‌ಗೆ ‘ತರಂಗಾಂತರ’ ಅಂತ ಬರೆದು ಬರೆದು ಆ ಪದ ಎಲ್ಲರ ಬಾಯಿಗೆ ಬಂದಿದೆ. ಹರಾಜಿನ ಸುದ್ದಿಗೆ ಅದು ಸಾಕು, ಅಲ್ಲಿ ಜಗಳ ಬೇಡ. ಆದರೆ ಪದ ಬಿಡಿಸಿ ನೋಡಿದರೆ ತರಂಗಕ್ಕೂ ತರಂಗಕ್ಕೂ ನಡುವಿನ ಅಂತರ. ಅಂದರೆ ಉದ್ದದ ಲೆಕ್ಕ. ಕೆಲವು ಪಠ್ಯಗಳಲ್ಲಿ ‘ತರಂಗದೂರ’ ಅಂತಲೂ ಇದೆ. 2.4 ಗಿಗಾಹರ್ಟ್ಸ್ ಅಲೆಗೆ ಆ ಅಂತರ ಸುಮಾರು 12.5 ಸೆಂಟಿಮೀಟರ್. ಇನ್ನು ಕೆಲವು ರಿಮೋಟ್‌ಗಳು ಬಳಸುವ 433.92 ಮೆಗಾಹರ್ಟ್ಸ್‌ಗೆ ಸುಮಾರು 69 ಸೆಂಟಿಮೀಟರ್. ಹಾಗಿರುವಾಗ ‘2.4 ಗಿಗಾಹರ್ಟ್ಸ್ ತರಂಗಾಂತರ’ ಅನ್ನುವುದು ‘ಐದು ಕಿಲೋ ಉದ್ದ’ ಅಂದ ಹಾಗೆ. ನನಗಂತೂ ಬರೆಯಲು ಕೈ ಬರಲಿಲ್ಲ.

ಅಷ್ಟೆಲ್ಲಾ ತಡಕಾಡಿದ ಮೇಲೆ ಅನ್ನಿಸಿತು: ಓದುಗರಿಗೆ ಆವರ್ತನ ಕಟ್ಟಿಕೊಂಡು ಏನಾಗಬೇಕು? ಅವರಿಗೆ ಬೇಕಾದದ್ದು ಒಂದೇ. ಈ ರಿಮೋಟನ್ನು ಟಿವಿ ಕಡೆ ಹಿಡಿಯಬೇಕೋ ಬೇಡವೋ. ಮಾಮೂಲಿ ರಿಮೋಟ್ ಒಂದು ಪುಟ್ಟ ದೀಪ. ಕಣ್ಣಿಗೆ ಕಾಣದ, ಸಾಮಾನ್ಯವಾಗಿ 940 ನ್ಯಾನೋಮೀಟರ್ ಆಸುಪಾಸಿನ ಇನ್ಫ್ರಾರೆಡ್ ಬೆಳಕನ್ನು ಸೆಕೆಂಡಿಗೆ 38 ಸಾವಿರದಷ್ಟು ಸಲ ಮಿಟುಕಿಸುತ್ತದೆ. ಬೆಳಕು ಅಂದ ಮೇಲೆ ನಡುವೆ ಯಾರಾದರೂ ನಿಂತರೆ ಕೆಟ್ಟಿತು. ಬೀರುವಿನ ಬಾಗಿಲು ಹಾಕಿದರೂ ಕೆಟ್ಟಿತು. ರೇಡಿಯೋ ಅಲೆ ಹಾಗಲ್ಲ. ಮರದ ಬಾಗಿಲು, ಸಾಧಾರಣ ಗೋಡೆ ದಾಟಿ ಹೋಗುತ್ತದೆ. ಎಲ್ಲ ದಿಕ್ಕಿಗೂ ಹರಡುತ್ತದೆ. ರಿಮೋಟನ್ನು ಹೊದಿಕೆಯೊಳಗೇ ಇಟ್ಟುಕೊಂಡು ಒತ್ತಿದರೂ ನಡೆಯುತ್ತದೆ.

ಮೂಲದಲ್ಲಿ ಇದಕ್ಕೆ ‘ಲೈನ್ ಆಫ್ ಸೈಟ್ ಬೇಕಿಲ್ಲ’ ಅಂತಿದೆ. ‘ದೃಷ್ಟಿರೇಖೆ’ ಅಂತ ಬರೆದಿದ್ದೆ. ಕಣ್ಣಿನ ಡಾಕ್ಟರ ಚೀಟಿ ಥರ ಕಾಣಿಸಿತು, ಹೊಡೆದುಹಾಕಿದೆ. ನಮ್ಮಲ್ಲೇ ‘ಮರೆ’ ಅನ್ನೋ ಪದ ಇದೆಯಲ್ಲ! ‘ನಡುವೆ ಮರೆ ಇದ್ದರೂ ಕೆಲಸ ಮಾಡುತ್ತದೆ.’ ಈ ವಾಕ್ಯ ಸಿಕ್ಕ ದಿನ ಸುಮ್ನೆ ಖುಷಿಯಾಗಿ ಬೇರೆ ಕೆಲಸ ಮಾಡಲಿಲ್ಲ.

ಇನ್ಫ್ರಾರೆಡ್‌ಗೆ ‘ಅವಗೆಂಪು’, ‘ಅತಿಗೆಂಪು’ ಎರಡೂ ಓಡಾಡುತ್ತಿವೆ. ಆವರ್ತನದ ಲೆಕ್ಕದಲ್ಲಿ ಅದು ಕೆಂಪಿಗಿಂತ ಕೆಳಗೆ, ಅಲೆಯ ಉದ್ದದ ಲೆಕ್ಕದಲ್ಲಿ ಕೆಂಪಿನಾಚೆ. ಹಾಗಾಗಿ ಎರಡಕ್ಕೂ ಸಮರ್ಥನೆ ಸಿಗುತ್ತದೆ. ಆದರೆ ‘ಅತಿಗೆಂಪು’ ಅಂದರೆ ಕಡುಗೆಂಪು ಅನ್ನಿಸುವುದಿಲ್ಲವಾ? ಕಾಣದ ಬೆಳಕಿಗೆ ಆ ಹೆಸರು ಬೇಡ. ನನ್ನ ಮತ ಅವಗೆಂಪಿಗೆ.

ಮುಂದಿನ ತೊಡಕು ‘ಪೇರಿಂಗ್’. ಗೋಡೆ ದಾಟುವ ಅಲೆಗೆ ಪಕ್ಕದ ಮನೆ ಅನ್ನುವ ಗಡಿ ಇಲ್ಲ. ಜೆನಿತ್ ಕಂಪನಿಯವರು ಐವತ್ತರ ದಶಕದಲ್ಲಿ ಟಿವಿ ರಿಮೋಟ್‌ಗೆ ರೇಡಿಯೋ ಬೇಡ ಅಂದದ್ದೂ ಇದೇ ಕಾರಣಕ್ಕೆ. ಇಲ್ಲಿ ಒತ್ತಿದರೆ ಪಕ್ಕದವರ ಟಿವಿ ಬದಲಾದೀತು. 1956ರಲ್ಲಿ ಅವರು ತಂದ ರಿಮೋಟ್‌ನಲ್ಲಿ ಅಲ್ಯೂಮಿನಿಯಂ ಸರಳುಗಳಿದ್ದವು. ಗುಂಡಿ ಒತ್ತಿದರೆ ಸುತ್ತಿಗೆ ಬಡಿದು ನಮ್ಮ ಕಿವಿಗೆ ಕೇಳದ ಸದ್ದು ಹೊರಡುತ್ತಿತ್ತು. ಈಗಿನ ರೇಡಿಯೋ ರಿಮೋಟ್‌ಗಳು ಬೇರೆ ದಾರಿ ಹಿಡಿದಿವೆ. ಮೊದಲೇ ಸಾಧನಕ್ಕೂ ರಿಮೋಟ್‌ಗೂ ಗುರುತು ಮಾಡಿಸುತ್ತಾರೆ. ಅದೇ ಪೇರಿಂಗ್. ಆಮೇಲೆ ಸಾಧನ ಗುರುತಿಲ್ಲದ ರಿಮೋಟ್ ಮಾತಿಗೆ ಕಿವಿಗೊಡುವುದಿಲ್ಲ.

ಇದಕ್ಕೆ ‘ಜೋಡಣೆ’ ಅಂತ ಬರೆದರೆ ಬಿಡಿಭಾಗ ಜೋಡಿಸುವುದು ಅಂತ ಆಗುತ್ತದೆ. ಸ್ಕ್ರೂ ಡ್ರೈವರ್ ಹುಡುಕುತ್ತಾರೆ. ‘ಸಂಪರ್ಕಿಸಿ’ ಅಂದರೆ ಕಂಪನಿಗೆ ಫೋನ್ ಮಾಡುತ್ತಾರೆ. ‘ಜೋಡಿ ಮಾಡಿ’ ಅಂತ ಇಟ್ಟಿದ್ದೇನೆ. ಮದುವೆ ದಲ್ಲಾಳಿ ಭಾಷೆ ಅಂತ ಒಬ್ಬರು ನಕ್ಕರು. ನನಗೆ ಅದೇ ಇಷ್ಟವಾಯಿತು, ಒಂದಕ್ಕೆ ಒಂದೇ ಅನ್ನುವ ಅರ್ಥ ಅದರಲ್ಲಿ ತಾನಾಗಿ ಬರುತ್ತದೆ. ‘ಜೋಡಿ ಬಿಡಿಸಿ’ ಅಂತ ಅನ್‌ಪೇರ್‌ಗೂ ಹೊಂದುತ್ತದೆ.

‘ದೂರನಿಯಂತ್ರಕ’ವನ್ನು ಯಾರೂ ಸೂಚಿಸಬೇಡಿ, ದಯವಿಟ್ಟು. ಮನೆಯಲ್ಲಿ ಕಳೆದುಹೋದಾಗ ಕೂಗಿ ಕೇಳುವ ಹೆಸರು ರಿಮೋಟು. ‘ರಿಮೋಟಿನ’, ‘ರಿಮೋಟಿಗೆ’ ಅಂತ ವಿಭಕ್ತಿಯೂ ಹತ್ತಿ ಕನ್ನಡವೇ ಆಗಿದೆ.

ಸದ್ಯಕ್ಕೆ ‘ರೇಡಿಯೋ ಅಲೆಯ ರಿಮೋಟ್’ ಅಂತ ಒಂದು ಕಡೆ ವಿವರಿಸಿ, ಉಳಿದ ಕಡೆ ಬರೀ ‘ರಿಮೋಟ್’ ಅಂತ ಬಿಡುವ ಯೋಚನೆ ಇತ್ತು. ಆದರೆ ಕೊನೇ ಪುಟದಲ್ಲಿ ಇನ್ನೊಂದು ಗಂಟು ಸಿಕ್ಕಿದೆ. ಈ ರಿಮೋಟ್‌ನ ಮೆನು ಗುಂಡಿಗಳೆಲ್ಲ ರೇಡಿಯೋ ಅಲೆಯಲ್ಲಿ ಸಾಧನಕ್ಕೆ ಹೋಗುತ್ತವೆ. ಟಿವಿ ಆನ್ ಮಾಡುವ ಮತ್ತು ವಾಲ್ಯೂಮ್ ಗುಂಡಿಗಳು ಮಾತ್ರ ಹಳೇ ಅವಗೆಂಪಿನಲ್ಲೇ ಟಿವಿಗೆ ಹೋಗುತ್ತವೆ. ಅಂದರೆ ಒಂದೇ ರಿಮೋಟ್‌ನಲ್ಲಿ ಕೆಲವು ಗುಂಡಿಗೆ ಮರೆ ಲೆಕ್ಕಕ್ಕಿಲ್ಲ, ಕೆಲವಕ್ಕೆ ಇದೆ. ಹೆಸರು ಇಡಬೇಕಾದದ್ದು ರಿಮೋಟಿಗಲ್ಲ, ಗುಂಡಿಗೆ. ‘ಎದುರು ಹಿಡಿದು ಒತ್ತುವ ಗುಂಡಿ’, ‘ಎಲ್ಲಿಂದಲಾದರೂ ಒತ್ತುವ ಗುಂಡಿ’ ಅಂತ ಬರೆದರೆ ಉದ್ದವಾಯಿತು, ಚಿತ್ರದ ಪಕ್ಕ ಹಿಡಿಸುವುದಿಲ್ಲ. ಎರಡೆರಡು ಪದದಲ್ಲಿ ಹೇಳುವ ದಾರಿ ಯಾರಿಗಾದರೂ ಹೊಳೆಯುತ್ತದೆಯೇ?