ಒಂದೇ ದಿನದಲ್ಲಿ ರೆಡಿ ಆಗೋ ಪ್ಲಾಸ್ಟಿಕ್ ಕೈ, ಮಗಳಿಗೆ ಹಾಕಿಸ್ಬಹುದಾ?

ಪ್ರಶ್ನೆ: ಎಲ್ಲರಿಗೂ ನಮಸ್ಕಾರ. ನನ್ನ ಮಗಳಿಗೆ ನಾಲ್ಕು ವರ್ಷ, ಹುಟ್ಟಿದಾಗಿಂದ ಎಡಗೈಯಲ್ಲಿ ಬೆರಳಿಲ್ಲ, ಅಂಗೈ ಸ್ವಲ್ಪ ಇದೆ, ಮಣಿಕಟ್ಟು ಚೆನ್ನಾಗಿ ಆಡುತ್ತೆ. ನೆಂಟರೆಲ್ಲ ಸೇರಿ ಒಂದೇ ವಿಡಿಯೋ ಕಳಿಸ್ತಿದಾರೆ, ತ್ರೀಡಿ ಪ್ರಿಂಟರಲ್ಲಿ ಒಂದೇ ದಿನಕ್ಕೆ ಕೈ ರೆಡಿಯಂತೆ, ಹುಡುಗ ಹಾಕ್ಕೊಂಡ ತಕ್ಷಣ ಚೆಂಡು ಹಿಡಿದ, ಅವರಮ್ಮ ಅಳ್ತಾರೆ, ಕೆಳಗೆ "ಮನಸಲ್ಲಿ ಅಂದ್ಕೊಂಡ್ರೆ ಸಾಕು, ಕೈ ಆಡುತ್ತೆ, ಲಕ್ಷಗಟ್ಟಲೆ ಸುರಿಯೋದೇ ಬೇಡ" ಅಂತ ಓಡ್ತಿದೆ. ಇಷ್ಟು ಸುಲಭ ಇದ್ರೆ ನಮ್ ಡಾಕ್ಟ್ರು ಯಾಕೆ ಹೇಳ್ಲಿಲ್ಲ? ನಾವು ತಡ ಮಾಡ್ಬಿಟ್ವಾ?

ಉತ್ತರ: ಮೇಡಂ, ನಾನು ಪ್ರಾಸ್ಥೆಟಿಸ್ಟ್, ಮಕ್ಕಳಿಗೆ ಅಳತೆ ತಗೊಂಡು ಕೃತಕ ಕೈಕಾಲು ಕೂರಿಸೋದೇ ನನ್ನ ಕೆಲಸ. ನೀವೇನೂ ತಡ ಮಾಡಿಲ್ಲ, ಮೊದ್ಲು ಅದನ್ನ ತಲೆಯಿಂದ ತೆಗೀರಿ.

ಆ ವಿಡಿಯೋ ನಂಗೂ ಬಂದಿದೆ. ಆ ಕೈಯಲ್ಲಿ ಬ್ಯಾಟರಿನೂ ಇಲ್ಲ ಮೋಟಾರೂ ಇಲ್ಲ, ಮನಸಲ್ಲಿ ಅಂದ್ಕೊಂಡ್ರೆ ಆಡೋಕೆ ಎಲ್ಲಿಂದ ಬರ್ಬೇಕು? ಹುಡುಗ ಮಣಿಕಟ್ಟು ಬಗ್ಗಿಸ್ತಾನೆ, ಬೆರಳಿಗೆ ಕಟ್ಟಿರೋ ದಾರ ಬಿಗಿಯಾಗಿ ಬೆರಳು ಮಡಚ್ಕೊಳ್ಳುತ್ತೆ, ನೇರ ಮಾಡಿದ್ರೆ ಎಲಾಸ್ಟಿಕ್ ಎಳೆದು ಬಿಚ್ಕೊಳ್ಳುತ್ತೆ ಅಷ್ಟೇ. ಏನನ್ನಾದ್ರೂ ಹಿಡ್ಕೊಂಡಿರ್ಬೇಕು ಅಂದ್ರೆ ಅಷ್ಟು ಹೊತ್ತೂ ಮಣಿಕಟ್ಟು ಬಗ್ಗಿಸೇ ಇರ್ಬೇಕು. ಚೆಂಡು ಹಗುರ, ದುಂಡಗಿದೆ, ಹಿಡಿಯುತ್ತೆ, ಅದಕ್ಕೇ ಚೆಂಡನ್ನೇ ತೋರಿಸ್ತಾರೆ. ನೀರು ತುಂಬಿದ ಲೋಟ ಕೊಟ್ಟು ನೋಡಿ, ಜಾರುತ್ತೆ. ಬಿಸಿಲಲ್ಲಿ ನಿಲ್ಸಿದ ಕಾರಲ್ಲಿ ಬಿಟ್ರೆ ಕೆಲವು ಪ್ಲಾಸ್ಟಿಕ್ ಮೆತ್ತಗಾಗಿ ಸೊಟ್ಟನೂ ಆಗುತ್ತೆ. ಹಾಗಂತ ಮಾಡೋರನ್ನ ಬೈಬೇಡಿ. 2013ರಿಂದ ಇನೇಬಲ್ ಅನ್ನೋ ಸ್ವಯಂಸೇವಕರ ಬಳಗ ಇಂಥ ಡಿಸೈನ್‌ಗಳನ್ನ ಫ್ರೀಯಾಗಿ ಹಂಚ್ತಾ ಬಂದಿದೆ, ಒಳ್ಳೆ ಕೆಲಸನೇ. ತ್ರೀಡಿ ಪ್ರಿಂಟ್ ಮಾಡಿದ್ದೆಲ್ಲ ಆಟಿಕೆ ಅಂತಲೂ ಅಲ್ಲ, ಕ್ಲಿನಿಕ್ಕಲ್ಲಿ ಅಳತೆ ತಗೊಂಡು ಕೂರಿಸೋ ಮೋಟಾರ್ ಕೈಗಳಲ್ಲೂ ಪ್ರಿಂಟ್ ಮಾಡಿದ ಭಾಗ ಇರ್ತವೆ. ನನ್ನ ಸಿಟ್ಟು ಸುದ್ದಿ ಮಾಡೋರ ಮೇಲೆ, ದಾರದ ಕೈಯ ಪ್ಲಾಸ್ಟಿಕ್ ರೇಟು ಒಂದ್ಕಡೆ, ಮೋಟಾರ್ ಕೈಯ ಜೊತೆ ಅಳತೆ, ಫಿಟ್ಟಿಂಗು, ಟ್ರೈನಿಂಗು, ರಿಪೇರಿ ಎಲ್ಲ ಸೇರಿದ ಬಿಲ್ಲು ಇನ್ನೊಂದ್ಕಡೆ ಇಟ್ಟು ನೋಡಿ ಎಷ್ಟು ಅಗ್ಗ ಅಂತಾರೆ.

ಮೋಟಾರ್ ಕೈ, ಅಂದ್ರೆ ಮಯೋಎಲೆಕ್ಟ್ರಿಕ್, ಅದೂ ಮನಸ್ಸು ಓದಲ್ಲ. ಮುಂಗೈ ಸ್ನಾಯು ಬಿಗಿ ಮಾಡಿದಾಗ ಬರೋ ಸಣ್ಣ ವಿದ್ಯುತ್ತನ್ನ ಚರ್ಮದ ಮೇಲಿನ ಎಲೆಕ್ಟ್ರೋಡು ಹಿಡಿಯುತ್ತೆ. ಮಕ್ಕಳಿಗೆ 1970ರ ದಶಕದಿಂದಲೂ ಹಾಕ್ತಿದಾರೆ, ಟಿವಿಲಿ ಮಾತ್ರ ಪ್ರತಿ ಸಲ "ಮೊಟ್ಟಮೊದಲ ಬಾರಿಗೆ"! ನಿಮ್ಮ ಮಗಳಿಗೆ ಅಂಗೈ, ಮಣಿಕಟ್ಟು ಎರಡೂ ಇರೋದ್ರಿಂದ ಮಾಮೂಲಿ ಮೋಟಾರ್ ಕೈ ಕೂರಿಸೋಕೆ ಜಾಗನೇ ಸಾಲಲ್ಲ.

ಇನ್ನೊಂದು ವಿಷ್ಯ ಯಾವ ಸುದ್ದಿಲೂ ಬರಲ್ಲ. ಆ ಪುಟ್ಟ ಅಂಗೈಗೆ ಸ್ಪರ್ಶ ಇದೆ, ಪ್ಲಾಸ್ಟಿಕ್‌ಗೆ ಇಲ್ಲ. ಹೀಗೆ ಹುಟ್ಟಿದ ಮಕ್ಕಳು ಆ ಅಂಗೈಯಲ್ಲೇ ಪೇಪರ್ ಒತ್ತಿ ಹಿಡಿದು ಇನ್ನೊಂದರಲ್ಲಿ ಕತ್ತರಿ ಆಡಿಸ್ತಾರೆ, ಬಾಟಲಿ ಕಂಕುಳಲ್ಲಿ ಸಿಕ್ಕಿಸ್ಕೊಂಡು ಮುಚ್ಚಳ ತಿರುಗಿಸ್ತಾರೆ. ಹೊಸ ಕೈ ಹಾಕಿ ಜಿಪ್ ಎಳಿ ಅಂದ್ರೆ ಕೈನ ಬಿಚ್ಚಿ ಪಕ್ಕಕ್ಕಿಟ್ಟು ಜಿಪ್ ಎಳೀತಾರೆ, ಕ್ಲಿನಿಕ್ಕಲ್ಲಿ ನಾನು ಕಣ್ಣಾರೆ ನೋಡೋದು. 25 ವರ್ಷಗಳ ಅಧ್ಯಯನಗಳನ್ನ ಒಟ್ಟಿಗೆ ನೋಡಿದ 2007ರ ಒಂದು ವಿಮರ್ಶೆ ಪ್ರಕಾರ ಮಕ್ಕಳಲ್ಲಿ ದೇಹದ ಬಲದಿಂದ ಆಡೋ ಕೈಗಳನ್ನ ಸರಾಸರಿ 45%, ವಿದ್ಯುತ್ ಕೈಗಳನ್ನ 35% ಬಳಸೋದು ಬಿಟ್ಬಿಡ್ತಾರೆ. ಕ್ಯಾಮೆರಾ ಮೊದಲ ದಿನ ಬರುತ್ತೆ, ಆರು ತಿಂಗಳಾದ್ಮೇಲೆ ಯಾರೂ ಬರಲ್ಲ.

ಇನ್ನೊಬ್ಬರು: ಸರ್, ನನ್ನ ಮಗನಿಗೆ ಹತ್ತು ತಿಂಗಳು, ಹುಟ್ಟಿನಿಂದ ಬಲ ಮೊಣಕಾಲಿನ ಕೆಳಗೆ ಇಲ್ಲ. ಹಾಗಾದ್ರೆ ನಾವೂ ಸುಮ್ನಿರೋದಾ?

ಉತ್ತರ: ಇಲ್ಲ ಇಲ್ಲ, ಕಾಲಿನ ಲೆಕ್ಕವೇ ಬೇರೆ! ಮಗು ಏನಾದ್ರೂ ಹಿಡ್ಕೊಂಡು ಎದ್ದು ನಿಲ್ಲೋಕೆ ಶುರು ಮಾಡೋ ಹೊತ್ತು, ಅಂದ್ರೆ 9ರಿಂದ 12 ತಿಂಗಳೊಳಗೆ, ಮೊದಲ ಕಾಲು ಹಾಕ್ತೀವಿ, ನೀವು ಈಗ್ಲೇ ಹೋಗಿ ತೋರಿಸಿ. "ಒಂದ್ಸಲ ಹಾಕಿದ್ರೆ ಬದುಕೇ ಬದಲಾಯ್ತು" ಅನ್ನೋ ಹೆಡ್ಡಿಂಗ್ ಮಾತ್ರ ನಂಬ್ಬೇಡಿ, ಮಗು ಬೆಳೀತಾನೇ ಇರುತ್ತೆ, ಐದು ವರ್ಷದವರೆಗೆ ಹೆಚ್ಚುಕಮ್ಮಿ ವರ್ಷಕ್ಕೊಂದು, ಆಮೇಲೆ ಹನ್ನೆರಡರವರೆಗೆ ಎರಡು ವರ್ಷಕ್ಕೊಂದು ಬೇಕಾಗುತ್ತೆ, ಮಧ್ಯೆ ಮಧ್ಯೆ ಸಾಕೆಟ್, ಅಂದ್ರೆ ಉಳಿದ ಕಾಲು ಕೂರೋ ಬಟ್ಟಲಿನಂಥ ಭಾಗ, ಅದರ ರಿಪೇರಿ ಬೇರೆ. ವಿಡಿಯೋದಲ್ಲಿ ಮಿಂಚೋ ಬ್ಲೇಡ್ ಕಾಲು ಓಡೋಕೆ ಅಂತ ಮಾಡಿದ್ದು, ದಿನವಿಡೀ ನಿಂತು ನಡೆಯೋಕಲ್ಲ.

ಪ್ರಶ್ನೆ ಕೇಳಿದವರು: ಥ್ಯಾಂಕ್ಸ್ ಸರ್, ಎಷ್ಟೋ ಹಗುರಾಯ್ತು. ಅವಳು ಎಲ್ಲಾ ಮಾಡ್ಕೊಳ್ತಾಳೆ, ಆದ್ರೆ ಸೈಕಲ್ ಹ್ಯಾಂಡಲ್ ಹಿಡಿಯೋಕಾಗ್ದೆ ಅಳ್ತಾಳೆ. ಅದಕ್ಕೆ ಏನಾದ್ರೂ ಇದ್ಯಾ?

ಉತ್ತರ: ಇದೆ, ಸರಿಯಾದ ಪ್ರಶ್ನೆ ಇದೇ. ಇಡೀ ಕೈ ಬೇಡ, ಆ ಒಂದು ಕೆಲಸಕ್ಕೇ ಅಂತ ಬಟ್ಟಲಿನ ಥರದ ಒಂದು ಹಿಡಿಕೆ ಹ್ಯಾಂಡಲ್‌ಗೆ ಹಾಕಿಸಿ, ಅಂಗೈ ಅದರಲ್ಲಿ ಕೂರುತ್ತೆ. ಆಕ್ಯುಪೇಶನಲ್ ಥೆರಪಿಸ್ಟ್, ಅಂದ್ರೆ ದಿನನಿತ್ಯದ ಕೆಲಸ ಮಾಡ್ಕೊಳ್ಳೋಕೆ ಕಲಿಸೋರು, ಅವರ ಹತ್ರ ಸೈಕಲ್ಲನ್ನೂ ತಗೊಂಡೇ ಹೋಗಿ. ಬ್ರೇಕ್ ಎರಡೂ ಬಲಗೈ ಕಡೆ ಬರೋ ಹಾಗೆ ಮಾಡಿಸಿ, ಮತ್ತೆ ಪಟ್ಟಿ ಕಟ್ಟಿ ಬಿಗಿಯೋದು ಮಾತ್ರ ಬೇಡ, ಬಿದ್ರೆ ಕೈ ತಾನಾಗೇ ಬಿಡಿಸ್ಕೊಂಡು ಬರ್ಬೇಕು.