ಅಪ್‌ಡೇಟ್: ಮಾಡಿನ ಮೇಲೆ ಕಾಲು ಜಾರಿದ್ದರ ಬಗ್ಗೆ ಕೇಳಿದ್ದೆನಲ್ಲ

ಹೋದ ತಿಂಗಳು ಕೇಳಿದ್ದೆ. ತೀರ್ಥಹಳ್ಳಿ ಕಡೆ ಹಂಚಿನ ಮನೆಗೆ ಪಕಾಸಿ (ಮಾಡಿನ ಇಳಿಜಾರಿನ ಉದ್ದಕ್ಕೆ ಹಾಕುವ ಮರ) ಕೂರಿಸುವಾಗ ಕಾಲು ಜಾರಿತ್ತು, ಮೇಲೆ ಬರಿಗಾಲು ಒಳ್ಳೆಯದಾ, ಶೂ ಒಳ್ಳೆಯದಾ ಅಂತ. ಉತ್ತರ ಕೊಟ್ಟ ಎಲ್ಲರಿಗೂ ಥ್ಯಾಂಕ್ಸ್.

ಮನೆಗೆ ಬಂದು ಮೊದಲು ಶೂ ತಿರುಗಿಸಿ ನೋಡಿದೆ. ಹೆಬ್ಬೆರಳಿನ ಕೆಳಗೆ ಸೋಲ್ ಸವೆದು ನುಣ್ಣಗಾಗಿತ್ತು. ಉಳಿದ ಗೀರುಗಳ ತುಂಬ ಮರದ ಹುಡಿ. ಈಗ ಬಾಗುವಂಥ ಮೆದು ರಬ್ಬರ್ ಸೋಲಿನ ಶೂ ತಗೊಂಡಿದ್ದೇನೆ. ಏಣಿ ಹತ್ತುವ ಮುಂಚೆ ಬ್ರಷ್‌ನಲ್ಲಿ ಉಜ್ಜುತ್ತೇನೆ. ಬರಿಗಾಲಿಗೆ ಹಿಡಿತ ಸಿಗುತ್ತದೆ, ನಿಜ. ಆದರೆ ಒಂದು ಮೊಳೆ ಚುಚ್ಚಿದರೆ ಕಾಲು ತಾನಾಗೇ ಮೇಲೇಳುತ್ತದೆ. ಅಲ್ಲಿಗೆ ಬ್ಯಾಲೆನ್ಸ್ ಹೋಯಿತು, ಅಲ್ವಾ?

ಹಗ್ಗದ ಲೆಕ್ಕ ಮಾತ್ರ ನನಗೆ ಪೂರ್ತಿ ಹೊಸದು. ನಾನು ತಂದಿದ್ದು 1.8 ಮೀಟರ್ ಹಗ್ಗದ ಹಾರ್ನೆಸ್, ಅಂದರೆ ಬಿದ್ದರೆ ಹಿಡಿಯಲಿ ಅಂತ ಮೈಗೆ ಕಟ್ಟಿಕೊಳ್ಳುವ ಬೆಲ್ಟ್. ಬಿದ್ದಾಗ ಹಗ್ಗದ ಉದ್ದ, ಜಗ್ಗು ತಡೆಯುವ ಪಟ್ಟಿ ಬಿಚ್ಚಿಕೊಳ್ಳುವ ಉದ್ದ, ನಮ್ಮ ಮೈ ಉದ್ದ ಎಲ್ಲ ಸೇರಿ ಕೆಳಗೆ 5 ಮೀಟರಿಗಿಂತ ಜಾಸ್ತಿ ಜಾಗ ಬೇಕು. ನಮ್ಮ ಮಾಡಿನ ಅಂಚು ಇರುವುದೇ 3 ಮೀಟರ್ ಎತ್ತರದಲ್ಲಿ! ಹಗ್ಗ ಪೂರ್ತಿ ಹಿಡಿಯುವ ಮೊದಲೇ ನೆಲ ಸಿಗುತ್ತದೆ.

ಅದಕ್ಕೆ ಈಗ ನೆತ್ತಿಯ ತೊಲೆ ಗಟ್ಟಿಯಾಗಿ ಕೂತ ಮೇಲೆ ಅದಕ್ಕೇ ಹಗ್ಗ ಕಟ್ಟುತ್ತೇವೆ, ಅಂಚು ತಲುಪದಷ್ಟು ಗಿಡ್ಡ ಮಾಡಿ. ಪಕಾಸಿಗಳ ಸಂದಿಯಲ್ಲಿ ಬೀಳಬಾರದು ಅಂತ ಒಳಗೆ ಹಲಗೆ ಹಾಸುತ್ತೇವೆ. ಅರ್ಧ ದಿನ ಹೋಗುತ್ತದೆ. ಹೋಗಲಿ. ನನ್ನ ತಮ್ಮನೂ ಅದೇ ಮಾಡಿನ ಮೇಲಿರುತ್ತಾನೆ.

ಮಳೆ ಬಿದ್ದ ಬೆಳಿಗ್ಗೆ ಮರ ಒಣಗುವ ತನಕ ಕೆಳಗಿನ ಕೆಲಸವೇ.