ಕ್ಷ-ಕಿರಣದ ‘ಕ್ಷ’ ಮತ್ತು ಎಕ್ಸ್ ಅಕ್ಷರದ ಓದು

ಅನುವಾದಿತ ಪ್ರವಾಸಕಥನವೊಂದರ ಕರಡನ್ನು ತಿದ್ದುವಾಗ ಎದುರಾದ ತೊಡಕೊಂದನ್ನು ಚರ್ಚೆಗೆ ಇಡುತ್ತಿದ್ದೇನೆ. ಆ ಕರಡಿನಲ್ಲಿ ಚೀನದ ಹಳೆಯ ರಾಜಧಾನಿಯ ಹೆಸರು ‘ಕ್ಸಿಯಾನ್’ ಎಂದಿತ್ತು, ಮೆಕ್ಸಿಕೊ ದೇಶದ ಒಂದು ರಾಜ್ಯ ‘ಓಕ್ಸಾಕಾ’ ಆಗಿತ್ತು, ಅಲ್ಬೇನಿಯವನ್ನು ನಾಲ್ಕು ದಶಕಗಳ ಕಾಲ ಆಳಿ 1985ರಲ್ಲಿ ತೀರಿಕೊಂಡ ಎನ್ವರ್ ಹೋಜಾ ‘ಹೋಕ್ಸಾ’ ಆಗಿದ್ದರು. ಈ ಮೂರು ಹೆಸರುಗಳಲ್ಲಿ ಒಂದನ್ನೂ ಆಯಾ ನಾಡಿನವರು ಹೀಗೆ ಉಚ್ಚರಿಸುವುದಿಲ್ಲ. ಅನುವಾದಕರನ್ನು ವಿಚಾರಿಸಿದರೆ ‘ಮೂರರಲ್ಲೂ ಎಕ್ಸ್ ಇದೆಯಲ್ಲ’ ಎಂಬ ಉತ್ತರ ಬಂತು. ಬರೆದಂತೆ ಓದುವ ಲಿಪಿಯಲ್ಲಿ ಬೆಳೆದ ನಮಗೆ, ರೋಮನ್ ಅಕ್ಷರಕ್ಕೂ ಅದರದೇ ಆದ ಒಂದು ಧ್ವನಿ ಇರಲೇಬೇಕೆಂದು ಅನ್ನಿಸುವುದು ಸಹಜ. ಆದರೆ ನಾವು ಎಕ್ಸ್ ಅಕ್ಷರದ ಧ್ವನಿ ಎಂದುಕೊಂಡಿರುವುದು ಇಂಗ್ಲಿಷಿನ ಧ್ವನಿ. ಅದೂ ಇಂಗ್ಲಿಷಿನಲ್ಲಿ ಎಲ್ಲ ಕಡೆಯೂ ನಿಲ್ಲದ ಧ್ವನಿ.

ದೂರ ಹೋಗಬೇಕಿಲ್ಲ, ನಾವು ದಿನವೂ ಆಡುವ ‘ಜೆರಾಕ್ಸ್’ ಎಂಬ ಮಾತನ್ನೇ ನೋಡಬಹುದು. ಇಂಗ್ಲಿಷಿನಲ್ಲಿ ಈ ಪದದ ಮೊದಲ ಅಕ್ಷರವೂ ಎಕ್ಸ್, ಕೊನೆಯ ಅಕ್ಷರವೂ ಎಕ್ಸ್. ಮೊದಲನೆಯದನ್ನು ನಾವು ‘ಜೆ’ ಎಂದು ಬರೆದು ಕೊನೆಯದನ್ನು ‘ಕ್ಸ್’ ಎಂದು ಬರೆದು, ಯಾವ ಗೊಂದಲವೂ ಇಲ್ಲದೆ ಮುಂದೆ ಸಾಗಿದ್ದೇವೆ. ‘ಒಣಗಿದ’ ಎಂಬ ಅರ್ಥದ ಗ್ರೀಕ್ ಪದದಿಂದ ಹುಟ್ಟಿದ ಈ ಹೆಸರನ್ನು ಕನ್ನಡಕ್ಕೆ ತಂದವರು ಅಕ್ಷರವನ್ನು ನೋಡದೆ ಕಿವಿಯನ್ನು ನಂಬಿದ್ದರಿಂದಲೇ ಅದು ಸರಿಯಾಗಿ ಬಂತು. ‘ಬೋರ್ಡೋ ದ್ರಾವಣ’ ಎನ್ನುವ ರೈತರೂ ಹಾಗೆಯೇ. ಆ ಫ್ರೆಂಚ್ ಊರಿನ ಹೆಸರಿನ ಕೊನೆಯಲ್ಲಿ ಎಕ್ಸ್ ಇದೆ, ಅದಕ್ಕೆ ಉಚ್ಚಾರಣೆಯೇ ಇಲ್ಲ. ‘ಬೋರ್ಡಾಕ್ಸ್ ದ್ರಾವಣ’ ಎಂದು ಯಾವ ರೈತರೂ ಅಂದದ್ದನ್ನು ನಾನು ಕೇಳಿಲ್ಲ. ಕಿವಿಯಿಂದ ಬಂದ ಪದಗಳು ನೇರವಾಗಿವೆ, ಕಣ್ಣಿನಿಂದ ಬಂದವು ಸೊಟ್ಟಗಾಗಿವೆ.

ಈ ಅಕ್ಷರ ಇಷ್ಟು ರೂಪ ತಾಳಲು ಕಾರಣ ಅದರ ಹುಟ್ಟಿನಲ್ಲೇ ಇದೆ. ಪ್ರಾಚೀನ ಗ್ರೀಸಿನಲ್ಲಿ ಒಂದೇ ಅಕ್ಷರಮಾಲೆ ಇರಲಿಲ್ಲ. ಪೂರ್ವದ ಪಂಗಡಗಳಲ್ಲಿ ಈ ಗುಣಾಕಾರದ ಗುರುತು ಮಹಾಪ್ರಾಣದ ‘ಖ್’ ಧ್ವನಿಯನ್ನು ಸೂಚಿಸುತ್ತಿತ್ತು, ‘ಕ್ಸ್’ಗೆ ಬೇರೊಂದು ಅಕ್ಷರವಿತ್ತು; ಪಶ್ಚಿಮದ ಪಂಗಡಗಳಲ್ಲಿ ಇದೇ ಗುರುತನ್ನು ‘ಕ್ಸ್’ ಎಂದು ಓದುತ್ತಿದ್ದರು. ಇಟಲಿಯ ಪ್ರಾಚೀನ ಜನರಾದ ಎಟ್ರುಸ್ಕನ್ನರ ಮೂಲಕ ರೋಮನರ ಕೈಸೇರಿದ್ದು ಪಶ್ಚಿಮದ ಓದು. ಕ್ರಿಸ್ತಪೂರ್ವ 403ರಲ್ಲಿ ಅಥೆನ್ಸ್ ನಗರ ಪೂರ್ವದ ಮಾಲೆಯನ್ನು ಅಧಿಕೃತವಾಗಿ ಒಪ್ಪಿಕೊಂಡು, ಅದೇ ಮುಂದೆ ಗ್ರೀಕರೆಲ್ಲರ ಮಾಲೆಯಾಯಿತು. ಹೀಗೆ ಒಂದೇ ಗುರುತು ಗ್ರೀಕಿನಲ್ಲಿ ‘ಖ್’ ಆಗಿ, ಲ್ಯಾಟಿನ್ನಿನಲ್ಲಿ ‘ಕ್ಸ್’ ಆಗಿ ಉಳಿಯಿತು. ಕ್ರಿಸ್‌ಮಸ್ ಎಂಬುದನ್ನು ಇಂಗ್ಲಿಷಿನಲ್ಲಿ ಚಿಕ್ಕದಾಗಿ ಬರೆಯುವಾಗ ಮೊದಲಿಗೆ ಎಕ್ಸ್ ಹಾಕುತ್ತಾರಲ್ಲ, ಅದು ವಾಸ್ತವದಲ್ಲಿ ಎಕ್ಸ್ ಅಲ್ಲ, ಕ್ರಿಸ್ತನ ಗ್ರೀಕ್ ಹೆಸರಿನ ಮೊದಲ ಅಕ್ಷರ. ಅದನ್ನು ‘ಎಕ್ಸ್‌ಮಸ್’ ಎಂದು ಕನ್ನಡದಲ್ಲಿ ಬರೆಯುವುದು ಎರಡು ಲಿಪಿಗಳನ್ನು ಒಂದೇ ಉಸಿರಿನಲ್ಲಿ ತಪ್ಪಾಗಿ ಓದಿದಂತೆ.

ಲ್ಯಾಟಿನ್ನಿಗೂ ಈ ಅಕ್ಷರದ ಅಗತ್ಯವಿರಲಿಲ್ಲ ಎಂಬುದನ್ನು ಗಮನಿಸಬೇಕು. ‘ಕ್’ ಮತ್ತು ‘ಸ್’ಗೆ ಬೇರೆ ಬೇರೆ ಅಕ್ಷರಗಳಿದ್ದವು, ಎರಡನ್ನು ಜೋಡಿಸಿ ಬರೆದರೆ ಸಾಕಿತ್ತು. ಹಾಗಾಗಿ ಮುಂದೆ ಬೇರೆ ಬೇರೆ ಭಾಷೆಗಳು ರೋಮನ್ ಲಿಪಿಯನ್ನು ತಮಗೆ ಒಗ್ಗಿಸಿಕೊಂಡಾಗ, ಕೈಯಲ್ಲಿ ಕೆಲಸವಿಲ್ಲದೆ ಕುಳಿತಿದ್ದ ಈ ಅಕ್ಷರಕ್ಕೆ ತಮ್ಮಲ್ಲಿದ್ದ, ಲ್ಯಾಟಿನ್ನಿನಲ್ಲಿ ಇಲ್ಲದ, ಯಾವುದೋ ಧ್ವನಿಯನ್ನು ಒಪ್ಪಿಸಿದವು. 1972ರಲ್ಲಿ ರೋಮನ್ ಲಿಪಿಗೆ ಬಂದ ಸೊಮಾಲಿ ಭಾಷೆ ಗಂಟಲಾಳದಿಂದ ಬರುವ ಅರಬ್ಬಿಯ ‘ಹ’ಕಾರವನ್ನು ಎಕ್ಸ್‌ನಿಂದ ಬರೆಯುತ್ತದೆ. ಅಲ್ಲಿಯ ಅಹ್ಮದ್, ಮಹಮದ್ ಎಂಬ ಹೆಸರುಗಳನ್ನು ರೋಮನ್‌ನಲ್ಲಿ ಕಂಡು ‘ಅಕ್ಸ್‌ಮೆದ್’, ‘ಮಕ್ಸಮೆದ್’ ಎಂದು ಬರೆದರೆ ನಮಗೆ ತೀರ ಪರಿಚಿತವಾದ ಹೆಸರುಗಳೇ ಗುರುತು ಸಿಗದಂತಾಗುತ್ತವೆ. ಉಜ್ಬೆಕ್ ಮತ್ತು ಅಜರ್‌ಬೈಜಾನಿ ಭಾಷೆಗಳು ಇದನ್ನು ಉಜ್ಜಿ ನುಡಿಯುವ ‘ಖ’ಕಾರಕ್ಕೆ ಇಟ್ಟುಕೊಂಡಿವೆ, ಬುಖಾರಾ, ಖೀವಾ ಎಂಬ ಊರುಗಳ ಇಂದಿನ ಉಜ್ಬೆಕ್ ಬರಹದಲ್ಲಿ ‘ಖ’ ಇರುವಲ್ಲೆಲ್ಲ ಎಕ್ಸ್ ಇದೆ. ವಿಯೆಟ್ನಾಮಿನಲ್ಲಿ ಅದು ಬರಿಯ ‘ಸ’. ಅಲ್ಬೇನಿಯದಲ್ಲಿ ಎಕ್ಸ್ ಒಂಟಿಯಾಗಿದ್ದರೆ ‘ದ್’ ಮತ್ತು ಇಂಗ್ಲಿಷಿನ ಜೆಡ್ ಬೆರೆತ ಧ್ವನಿ, ಅದರ ಮುಂದೆ ಎಚ್ ಬಂದರೆ ನಮ್ಮ ‘ಜ’. ಹೋಜಾ ಎಂಬ ಹೆಸರು ಬಂದದ್ದು ಹೀಗೆ, ಮತ್ತು ಆ ಪದ ತುರ್ಕಿಯ ಮೂಲಕ ಅಲ್ಲಿಗೆ ಹೋದ, ನಮಗೂ ಗೊತ್ತಿರುವ ಪಾರಸಿಯ ‘ಖ್ವಾಜಾ’ ಎಂಬುದೇ ಆಗಿದೆ. ‘ಹೋಕ್ಸಾ’ ಎಂದು ಬರೆದಾಗ ಉಚ್ಚಾರಣೆಯ ಜೊತೆಗೆ ಈ ನೆಂಟಸ್ತಿಕೆಯೂ ಮುಚ್ಚಿಹೋಗುತ್ತದೆ.

ಎಲ್ಲಕ್ಕಿಂತ ಹೆಚ್ಚು ತೊಡಕಿನದು ದಕ್ಷಿಣ ಆಫ್ರಿಕದ ಖೋಸಾ ಭಾಷೆಯ ಹೆಸರು. ಅದರ ಮೊದಲ ಧ್ವನಿ ನಾಲಿಗೆಯ ಪಕ್ಕವನ್ನು ದವಡೆಯಿಂದ ಸೆಳೆದು ಬಿಡುವ, ಕುದುರೆಯನ್ನು ಹೊರಡಿಸುವವರು ಮಾಡುವಂಥ ಸದ್ದು, ಅದೂ ಮಹಾಪ್ರಾಣದೊಂದಿಗೆ. ಇದಕ್ಕೆ ನಮ್ಮ ವರ್ಣಮಾಲೆಯಲ್ಲಿ ಅಕ್ಷರವಿಲ್ಲ, ರೋಮನ್‌ನಲ್ಲೂ ಇರಲಿಲ್ಲ. ಕೆಲಸವಿಲ್ಲದ ಸಿ, ಕ್ಯೂ, ಎಕ್ಸ್ ಎಂಬ ಮೂರನ್ನು ಅಂಥ ಮೂರು ಬಗೆಯ ಸದ್ದುಗಳಿಗೆ ಅಲ್ಲಿ ಹಂಚಿಕೊಟ್ಟಿದ್ದಾರೆ. ‘ಖೋಸಾ’ ಎಂಬ ಕನ್ನಡ ಬರಹ ಕನಿಷ್ಠಪಕ್ಷ ಆ ಮಹಾಪ್ರಾಣವನ್ನಾದರೂ ಉಳಿಸಿಕೊಳ್ಳುತ್ತದೆ ಎಂಬ ಕಾರಣದಿಂದ ನಾನು ಅದನ್ನು ಒಪ್ಪುತ್ತೇನೆ. ‘ಕ್ಸೋಸಾ’ ಎಂಬುದಕ್ಕೆ ಯಾವ ಆಧಾರವೂ ಇಲ್ಲ.

ಐಬೀರಿಯದ, ಎಂದರೆ ಸ್ಪೇನ್ ಮತ್ತು ಪೋರ್ಚುಗಲ್ ಇರುವ ಪರ್ಯಾಯದ್ವೀಪದ, ಭಾಷೆಗಳ ಕತೆ ಬೇರೆ. ಅಲ್ಲಿ ಅಕ್ಷರ ನಿಂತಲ್ಲೇ ನಿಂತಿತು, ಧ್ವನಿ ಸರಿಯಿತು. 16ನೆಯ ಶತಮಾನದ ಸ್ಪ್ಯಾನಿಷರು ಎಕ್ಸ್ ಬರೆದರೆ ‘ಶ’ ಎಂದು ಓದುತ್ತಿದ್ದರು. ಆದ್ದರಿಂದಲೇ ಅಜ್ಟೆಕ್ ಜನರ ನಾಹುವಾಟ್ಲ್ ಭಾಷೆಯಲ್ಲಿ ‘ಮೇಶಿಕೊ’ ಎಂಬಂತೆ ಕೇಳಿಸಿದ ಹೆಸರನ್ನು ಎಕ್ಸ್ ಹಾಕಿ ಬರೆದುಕೊಂಡರು. ಆಮೇಲೆ ಸ್ಪ್ಯಾನಿಷಿನ ಆ ‘ಶ’ಕಾರ ಹಿಂದೆ ಸರಿದು ಗಂಟಲಿನ ‘ಹ’ಕಾರಕ್ಕೆ ಹತ್ತಿರವಾಯಿತು. 1815ರಲ್ಲಿ ಸ್ಪೇನಿನ ರಾಜ ಅಕಾಡೆಮಿ ಇಂಥ ಪದಗಳಲ್ಲಿ ಎಕ್ಸ್ ಬದಲು ಜೆ ಬರೆಯಬೇಕೆಂದು ಗೊತ್ತುಮಾಡಿದರೂ ಮೆಕ್ಸಿಕೊದವರು ತಮ್ಮ ದೇಶದ ಹೆಸರಿನಲ್ಲಿ ಎಕ್ಸ್ ಬಿಡಲಿಲ್ಲ. ಹೀಗಾಗಿ ಅವರು ಎಕ್ಸ್ ಬರೆದು ‘ಮೆಹಿಕೊ’ ಎನ್ನುತ್ತಾರೆ. ಅದೇ ದೇಶದ ‘ವಹಾಕಾ’ (ಕರಡಿನ ‘ಓಕ್ಸಾಕಾ’) ರಾಜ್ಯದ ಹೆಸರಿನಲ್ಲೂ ಎಕ್ಸ್ ‘ಹ’ ಆಗಿದೆ. ‘ಸೊಚಿಮಿಲ್ಕೊ’ ಎಂಬ ಸ್ಥಳದ ಹೆಸರಿನಲ್ಲಿ ಅದು ‘ಸ’, ಮಾಯಾ ಜನರ ‘ಉಶ್ಮಾಲ್’ ಎಂಬ ಪಾಳುನಗರದ ಹೆಸರಿನಲ್ಲಿ ಹಳೆಯ ‘ಶ’ ಹಾಗೆಯೇ ಇದೆ, ಟ್ಯಾಕ್ಸಿ ಎಂಬ ಪದದಲ್ಲಿ ‘ಕ್ಸ್’. ಒಂದೇ ದೇಶದೊಳಗೆ ಒಂದೇ ಅಕ್ಷರಕ್ಕೆ ನಾಲ್ಕು ಓದು ಇರುವಾಗ, ಅಕ್ಷರವನ್ನು ನೋಡಿ ಕನ್ನಡಕ್ಕೆ ಇಳಿಸುವ ನಿಯಮವನ್ನು ಯಾರು ತಾನೆ ಮಾಡಬಲ್ಲರು?

ಸಂತ ಫ್ರಾನ್ಸಿಸ್ ಜೇವಿಯರ್ ಅವರ ಹೆಸರು ಕೂಡ ಇಲ್ಲಿ ನೆನಪಾಗುತ್ತದೆ. ಅದು ಅವರು 1506ರಲ್ಲಿ ಹುಟ್ಟಿದ ನವಾರಾ ಪ್ರಾಂತದ ಕೋಟೆಯ ಹೆಸರು, ಬಾಸ್ಕ್ ಭಾಷೆಯಲ್ಲಿ ‘ಹೊಸಮನೆ’ ಎಂಬ ಅರ್ಥದ ಪದದಿಂದ ಬಂದದ್ದು. ಬಾಸ್ಕ್ ಮತ್ತು ಪೋರ್ಚುಗೀಸರಿಗೆ ಅದರ ಮೊದಲ ಧ್ವನಿ ‘ಶ’, ಇಂದಿನ ಸ್ಪ್ಯಾನಿಷರಿಗೆ ‘ಹ’, ಫ್ರೆಂಚರಿಗೆ ‘ಗ್ಜ’, ಇಂಗ್ಲಿಷರಿಗೆ ‘ಜ’. ಪೋರ್ಚುಗೀಸರ ರೂಢಿಯನ್ನೇ ಹಿಡಿದ ರೋಮನ್ ಲಿಪಿಯ ಕೊಂಕಣಿಯಲ್ಲಿ ಡಿ, ಇ, ಎಕ್ಸ್ ಎಂದು ಬರೆದದ್ದನ್ನು ‘ದೇಶ್’ ಎಂದೇ ಓದುತ್ತಾರೆ.

ಈಗ ಚೀನಿಯ ವಿಚಾರಕ್ಕೆ ಬರುತ್ತೇನೆ, ಕನ್ನಡದ ಬರಹಗಾರರಿಗೆ ಅತಿ ಹೆಚ್ಚು ಬೇಕಾಗುವುದು ಇದೇ. 1958ರಲ್ಲಿ ಚೀನ ಒಪ್ಪಿಕೊಂಡ ಪಿನ್‌ಯಿನ್ ಎಂಬ ರೋಮನ್ ಬರಹಕ್ರಮದಲ್ಲಿ ಎಕ್ಸ್ ಎಂದರೆ ನಾಲಿಗೆಯ ನಡುಭಾಗವನ್ನು ಅಂಗುಳಿಗೆ ಸಮೀಪಿಸಿ ನುಡಿಯುವ ಶಕಾರ. ಎಸ್ ಮತ್ತು ಎಚ್ ಕೂಡಿದರೆ ನಾಲಿಗೆಯ ತುದಿಯನ್ನು ಮೇಲಕ್ಕೆ ಮಡಿಸಿ ನುಡಿಯುವ ಷಕಾರ. ಇಂಗ್ಲಿಷ್ ಕಿವಿಗೆ ಎರಡೂ ಒಂದೇ. ನಮ್ಮ ವರ್ಣಮಾಲೆಯಲ್ಲಾದರೋ ತಾಲವ್ಯದ ‘ಶ’ವೂ ಮೂರ್ಧನ್ಯದ ‘ಷ’ವೂ ಬೇರೆಬೇರೆಯಾಗಿ, ಯಾರೋ ಚೀನಿ ಭಾಷೆಗಾಗಿಯೇ ಇಟ್ಟಂತೆ, ಸಿದ್ಧವಾಗಿವೆ. ಈ ಲೆಕ್ಕದಲ್ಲಿ ಚೀನದ ಅಧ್ಯಕ್ಷರು ‘ಶಿ ಜಿನ್‌ಪಿಂಗ್’ ಆಗಬೇಕು, ದೊಡ್ಡ ಬಂದರುನಗರ ‘ಷಾಂಗ್‌ಹೈ’ ಆಗಬೇಕು. ನಾವು ಹಲವೆಡೆ ಕಾಣುವುದು ‘ಷಿ ಜಿನ್‌ಪಿಂಗ್’ ಮತ್ತು ‘ಶಾಂಘೈ’, ಸರಿಯಾಗಿ ತಿರುಗುಮುರುಗು. ಕರಡಿನ ‘ಕ್ಸಿಯಾನ್’ ಎರಡು ಅಕ್ಷರಗಳ ‘ಶಿಆನ್’. ನಡುವೆ ವಿಸಂಧಿ, ಎಂದರೆ ಎರಡು ಸ್ವರಗಳು ಕೂಡದೆ ಬಿಡಿಯಾಗಿ ನಿಲ್ಲುವುದು, ಇರಲೇಬೇಕು, ಏಕೆಂದರೆ ಕೂಡಿಸಿ ಓದಿದರೆ ಚೀನಿಯಲ್ಲಿ ಅದು ‘ಶ್ಯೆನ್’ ಎಂಬ ಬೇರೆಯೇ ಪದವಾಗುತ್ತದೆ.

ಇದರಿಂದ ಆಗುವ ಅನಾಹುತಕ್ಕೆ ಒಂದು ಒಳ್ಳೆಯ ಉದಾಹರಣೆ ನಮ್ಮ ಇತಿಹಾಸದ ಪಾಠದಲ್ಲೇ ಇದೆ. ಇಮ್ಮಡಿ ಪುಲಕೇಶಿಯ ಕಾಲದಲ್ಲಿ ಬಂದ ಚೀನಿ ಯಾತ್ರಿಕನನ್ನು ನಾವು ‘ಹ್ಯೂಯೆನ್‌ತ್ಸಾಂಗ್’ ಎಂದು ಕಲಿತವರು. ಅದು ಹಳೆಯ ಯುರೋಪಿಯನ್ ಬರಹದ ಮೂಲಕ ಬಂದ ರೂಪ. ಪಿನ್‌ಯಿನ್‌ನಲ್ಲಿ ಆತನ ಹೆಸರು ಎಕ್ಸ್‌ನಿಂದ ಮೊದಲಾಗುವುದರಿಂದ ಈಚಿನ ಅನುವಾದಗಳಲ್ಲಿ ‘ಕ್ಸುವಾನ್‌ಜಾಂಗ್’ ಎಂಬ ರೂಪ ತಲೆಹಾಕಿದೆ, ಓದುವವರಿಗೆ ಇವರಿಬ್ಬರು ಬೇರೆಬೇರೆ ಯಾತ್ರಿಕರೆನ್ನಿಸಿದರೆ ಆಶ್ಚರ್ಯವಿಲ್ಲ. ಚೀನಿಯ ಉಚ್ಚಾರಣೆಗೆ ಹತ್ತಿರವಾದದ್ದು ‘ಶ್ವೆನ್‌ತ್ಸಾಂಗ್’. ಹೊಸದು ಬೇಕೆಂದರೆ ಇದನ್ನು ಬರೆಯಬಹುದು; ಬೇಡವೆಂದರೆ ಹ್ಯೂಯೆನ್‌ತ್ಸಾಂಗನನ್ನೇ ಉಳಿಸಿಕೊಳ್ಳಬಹುದು. ಮೂರನೆಯ ರೂಪಕ್ಕೆ ಮಾತ್ರ ಯಾವ ಸಮರ್ಥನೆಯೂ ಇಲ್ಲ.

ಇಷ್ಟೆಲ್ಲ ಹೇಳಿದ ಮೇಲೆ ಶೀರ್ಷಿಕೆಯಲ್ಲಿರುವ ‘ಕ್ಷ’ದ ಮಾತು. ವಿಲ್ಹೆಲ್ಮ್ ರಾಂಟ್‌ಗೆನ್ 1895ರ ನವೆಂಬರಿನಲ್ಲಿ ಕಂಡ ಕಿರಣಗಳ ಸ್ವರೂಪ ಇನ್ನೂ ತಿಳಿಯದೆ ಇದ್ದುದರಿಂದ, ಬೀಜಗಣಿತದ ಅವ್ಯಕ್ತರಾಶಿಯ ಗುರುತನ್ನೇ ಅವುಗಳಿಗೆ ಇಟ್ಟರು. ಆ ಗುರುತನ್ನು ರೂಢಿಗೆ ತಂದವರು ಫ್ರೆಂಚ್ ಚಿಂತಕ ದೆಕಾರ್ತ್. 1637ರಲ್ಲಿ ಪ್ರಕಟವಾದ ತಮ್ಮ ರೇಖಾಗಣಿತದಲ್ಲಿ ಅವರು ಗೊತ್ತಿರುವ ರಾಶಿಗಳಿಗೆ ಮಾಲೆಯ ಮೊದಲ ಅಕ್ಷರಗಳನ್ನೂ ಗೊತ್ತಿಲ್ಲದವಕ್ಕೆ ಕೊನೆಯ ಅಕ್ಷರಗಳನ್ನೂ ಬಳಸಿದರು. ಕಿರಣದ ಹೆಸರಿನಲ್ಲಿರುವ ಎಕ್ಸ್ ಧ್ವನಿಯೇ ಅಲ್ಲ, ‘ಅರಿಯದ್ದು’ ಎಂಬ ಅರ್ಥದ ಒಂದು ಚಿಹ್ನೆ ಮಾತ್ರ. ತಮಿಳರು ಇದನ್ನು ಬಿಟ್ಟು, ಒಳತೂರುವ ಕಿರಣ ಎಂಬ ಅರ್ಥದ ‘ಊಡುಕದಿರ್’ ಎಂಬ ಹೆಸರು ಕಟ್ಟಿಕೊಂಡರು; ಮರಾಠಿಗರೂ ನಾವೂ ‘ಕ್ಷ-ಕಿರಣ’ ಎಂದೆವು. ಧ್ವನಿಯಿಂದ ನೋಡಿದರೆ ಇದು ತಪ್ಪು, ‘ಕ್ಷ’ದಲ್ಲಿರುವುದು ಷಕಾರವೇ ಹೊರತು ಸಕಾರವಲ್ಲ. ಆದರೂ ನನಗೆ ಈ ಆಯ್ಕೆ ಇಷ್ಟ. ‘ಕ್ಷ’ ಕೂಡ ಎರಡು ವ್ಯಂಜನಗಳ ಸಂಯುಕ್ತವಾಗಿದ್ದು, ಅಗತ್ಯವಿಲ್ಲದಿದ್ದರೂ ಒಂದು ಅಕ್ಷರವೆಂಬಂತೆ ಮಾಲೆಯ ಕೊನೆಯಲ್ಲಿ ಕುಳಿತದ್ದು. ಎಕ್ಸ್‌ಗೆ ಇದಕ್ಕಿಂತ ಸರಿಜೋಡಿ ಸಿಗಲಾರದು. ಲಕ್ಷ್ಮಿಯನ್ನು ರೋಮನ್‌ನಲ್ಲಿ ಎಕ್ಸ್ ಹಾಕಿ ಬರೆಯುವವರು ಈ ಸಾಲವನ್ನು ಇನ್ನೊಂದು ದಿಕ್ಕಿನಿಂದ ತೀರಿಸುತ್ತಿದ್ದಾರೆ.

ಒಂದೇ ಕೊರತೆ ಎಂದರೆ, ‘ಅರಿಯದ್ದು’ ಎಂಬ ಅರ್ಥ ಕನ್ನಡದ ‘ಕ್ಷ’ಕ್ಕೆ ಅಂಟಿಕೊಳ್ಳಲಿಲ್ಲ. ಮರಾಠಿಯಲ್ಲಿ ಹೆಸರು ಹೇಳಬಾರದ ಯಾರನ್ನಾದರೂ ‘ಕ್ಷ ವ್ಯಕ್ತಿ’ ಎನ್ನುವ ಬಳಕೆ ಇದೆ, ನಮ್ಮಲ್ಲಿ ಅದು ಬೇರೂರಲಿಲ್ಲ. ‘ಕ್ಷ-ಕಿರಣ’ ಎಂದು ಓದಿದ ವಿದ್ಯಾರ್ಥಿಗೆ ಕ್ಷಯವೋ ಕ್ಷಣವೋ ನೆನಪಾಗುವ ಸಂಭವವೇ ಹೆಚ್ಚು. ಭಾಸ್ಕರಾಚಾರ್ಯರು ಅವ್ಯಕ್ತಗಳಿಗೆ ಯಾವತ್ತಾವತ್, ಕಾಲಕ, ನೀಲಕ, ಪೀತಕ ಎಂದು ಹೆಸರಿಟ್ಟು, ಅವುಗಳ ಮೊದಲಕ್ಷರಗಳಿಂದ ಗುರುತಿಸಿದ್ದರು. ಮೊದಲನೆಯದರ ಹೊರತು ಉಳಿದವು ಬಣ್ಣಗಳು, ಬಣ್ಣಕ್ಕೂ ಅಕ್ಷರಕ್ಕೂ ‘ವರ್ಣ’ ಎಂಬುದೊಂದೇ ಪದ. ಆ ದಾರಿಯಲ್ಲಿ ನಡೆದಿದ್ದರೆ ಇವು ‘ಯಾ-ಕಿರಣ’ಗಳಾಗುತ್ತಿದ್ದವು.

ಕರಡಿನಲ್ಲಿ ನಾನು ಕೊನೆಗೆ ಮಾಡಿದ್ದು ಇಷ್ಟು: ಮೆಕ್ಸಿಕೊ, ಕ್ಷ-ಕಿರಣ, ಟ್ಯಾಕ್ಸಿಗಳನ್ನು ಮುಟ್ಟಲಿಲ್ಲ, ಅವು ಕನ್ನಡದ್ದಾಗಿ ಬಹುಕಾಲವಾಯಿತು. ವಹಾಕಾ, ಹೋಜಾ, ಶಿಆನ್ ಎಂದು ತಿದ್ದಿದೆ. ನನ್ನಲ್ಲಿ ಉಳಿದಿರುವುದು ಒಂದು ಪ್ರಶ್ನೆ. ಇಂದಿನ ಆಡುಮಾತಿನಲ್ಲಿ ಬಹುಮಂದಿ ‘ಶ’ ಮತ್ತು ‘ಷ’ಗಳನ್ನು ಒಂದೇ ರೀತಿ ನುಡಿಯುವುದರಿಂದ, ಚೀನಿ ಹೆಸರುಗಳಲ್ಲಿ ಈ ಭೇದವನ್ನು ಪಾಲಿಸಿದರೆ ಅದು ಬರಹದ ಶಿಸ್ತಾಗಿ ಮಾತ್ರ ಉಳಿಯುತ್ತದೆ, ಓದುವವರ ಕಿವಿಗೆ ತಲುಪುವುದಿಲ್ಲ. ಆದರೂ ಪಾಲಿಸಬೇಕೆಂಬುದು ನನ್ನ ಒಲವು; ‘ವಿಷ’ ಮತ್ತು ‘ವಿಶೇಷ’ಗಳನ್ನು ಬರೆಯುವಾಗ ನಾವು ಪಾಲಿಸುವುದೂ ಅದೇ ಶಿಸ್ತನ್ನೇ. ಪತ್ರಿಕೆಗಳಲ್ಲಿ ಈಗಾಗಲೇ ನೆಲೆನಿಂತ ‘ಷಿ’ಯನ್ನು ‘ಶಿ’ಗೆ ತಿರುಗಿಸುವುದು ಅಗತ್ಯವೇ, ಅಥವಾ ಮೆಕ್ಸಿಕೊದಂತೆ ಅದನ್ನೂ ರೂಢಿಗೆ ಬಿಟ್ಟುಕೊಡುವುದೇ ಲೇಸೇ ಎಂಬ ಬಗ್ಗೆ ತಿಳಿದವರು ತಮ್ಮ ಅಭಿಪ್ರಾಯವನ್ನು ಕಾರಣಸಹಿತ ತಿಳಿಸಬೇಕೆಂದು ಕೋರುತ್ತೇನೆ.